ಪುಡಿ ಪುಟ್ಟಿಯೋ, ಡಬ್ಬಿಯ ಪುಟ್ಟಿಯೋ?

ಬಣ್ಣಕ್ಕೆ ಮೊದಲು ಗೋಡೆಯನ್ನು ನುಣುಪಾಗಿಸಲು ಹಚ್ಚುವ ಲೇಪವೇ ಪುಟ್ಟಿ. ಮನೆಯ ಒಳಗೋಡೆಗಳಿಗೆ ನಾನೇ ಬಣ್ಣ ಬಳಿಯುವಾಗ ಬಿಳಿ ಸಿಮೆಂಟಿನ ಪುಡಿ ಪುಟ್ಟಿ, ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಬಳಸಿ ನೋಡಿದೆ.

ಕೈಗೆ ಹಿತವಾದದ್ದು ಅಕ್ರಿಲಿಕ್. ಮುಚ್ಚಳ ತೆಗೆದು ನೇರವಾಗಿ ಎಳೆಯಬಹುದು, ಮಿಕ್ಕಿದ್ದನ್ನು ಮುಚ್ಚಿಡಬಹುದು. ಒಣಗಿದ ಮೇಲೆ 220 ನಂಬರಿನ ನಯವಾದ ಉಜ್ಜುಕಾಗದಕ್ಕೆ ಸುಲಭವಾಗಿ ಬಗ್ಗುತ್ತದೆ. ಸಿಮೆಂಟ್ ಪುಟ್ಟಿಗೆ ಅಷ್ಟು ತಾಳ್ಮೆಯಿಲ್ಲ. ಕಲಸಿದ ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ಬಿಗಿಯತೊಡಗಿದ್ದಕ್ಕೆ ಮತ್ತೆ ನೀರು ಹಾಕಿದರೆ ಅದರ ಬಲವೇ ಹೋಗುತ್ತದೆ. ಪೂರ್ತಿ ಗಟ್ಟಿಯಾಗುವವರೆಗೆ ಬಿಟ್ಟರೆ ಉಜ್ಜುವವರ ತೋಳು ಸೋಲುತ್ತದೆ. ಏಳುವ ದೂಳೂ ಹೆಚ್ಚು, ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಇಳಿಯಲೇಬಾರದು.

ಆದರೂ ಹೊಸ ಗಾರೆಗೆ ನನ್ನ ಮತ ಸಿಮೆಂಟ್ ಪುಟ್ಟಿಗೇ. ಗಾರೆಗೆ ಸುಮಾರು 28 ದಿನ ಕಳೆದ ಮೇಲೆ ಗೋಡೆಯನ್ನು ತುಸು ಒದ್ದೆ ಮಾಡಿ, ಪ್ರೈಮರ್ (ಮೇಲಿನ ಪದರ ಹಿಡಿದುಕೊಳ್ಳಲೆಂದು ಮೊದಲು ಬಳಿಯುವ ತಳಲೇಪ) ಇಲ್ಲದೆಯೇ ಹಚ್ಚಬಹುದು. ಅದು ನೀರಿನೊಡನೆ ಬೆರೆತು ಗಟ್ಟಿಯಾಗುವ ವಸ್ತು. ಗಾರೆಯ ರಂಧ್ರಗಳನ್ನು ಹೊಕ್ಕು ಕಚ್ಚಿಕೊಳ್ಳುತ್ತದೆ, ತೇವವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಅಕ್ರಿಲಿಕ್ ಒಣಗುವುದು ನೀರು ಆರಿಹೋಗುವುದರಿಂದ ಮಾತ್ರ. ಸ್ನಾನದ ಮನೆಗೆ ತಾಗಿದ ಗೋಡೆಯಲ್ಲಿ ಅದು ಮೆತ್ತಗಾಗಿ, ಬಣ್ಣದ ಸಮೇತ ಹಪ್ಪಳದಂತೆ ಎದ್ದು ಬಂತು.

ಗೋಡೆಯ ಒಳಗಿನ ತೇವ ತಿಳಿಯಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಯಾವ ಪುಟ್ಟಿಯೂ ಬೇಡ, ಮೊದಲು ಸೋರಿಕೆ ನಿಲ್ಲಿಸಿ.

ಹಳೆಯ ಬಣ್ಣದ ಗೋಡೆಯಲ್ಲಿ ಲೆಕ್ಕ ತಿರುಗುತ್ತದೆ. ನುಣುಪಾದ ಪದರದ ಮೇಲೆ ಸಿಮೆಂಟಿಗೆ ಹಿಡಿತ ಸಿಗುವುದಿಲ್ಲ. ಅಲ್ಲಿ ಸಡಿಲವಾದ ಬಣ್ಣವನ್ನು ಕೆರೆದು, ಮೈಯನ್ನು ತರಿಯಾಗಿಸಿ, ಪ್ರೈಮರ್ ಬಳಿದು ತೆಳುವಾಗಿ ಅಕ್ರಿಲಿಕ್ ಎಳೆಯುವುದೇ ಸರಿ. ಬಹಳ ಹಳೆಯ ಬಣ್ಣವಾದರೆ ಸೀಸ ಇರಬಹುದು, ಒಣದಾಗಿ ಉಜ್ಜಬೇಡಿ.

ನುಣುಪಿನಲ್ಲಿ ಅಕ್ರಿಲಿಕ್ ಒಂದು ಹೆಜ್ಜೆ ಮುಂದೆ. ಹೊಳಪಿನ ಎಮಲ್ಷನ್ ಬಣ್ಣ ಬಳಿಯುವವರಿಗೆ ಅದು ಮುಖ್ಯ, ಹೊಳಪಿಲ್ಲದ ಮ್ಯಾಟ್ ಬಣ್ಣದಡಿ ವ್ಯತ್ಯಾಸ ಕಾಣಲಿಲ್ಲ. ಯಾವುದನ್ನೇ ಹಚ್ಚಿದರೂ ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಓರೆ ಬೆಳಕು ಬಿಡಿ, ಹಗಲಲ್ಲಿ ಅಡಗಿದ್ದ ಗೆರೆ, ಗುಳಿಗಳೆಲ್ಲ ಎದ್ದು ಕಾಣುತ್ತವೆ. ಅವನ್ನು ತಿದ್ದಿ, ದೂಳು ಒರೆಸಿ, ಪ್ರೈಮರ್ ಬಳಿದ ಮೇಲೆಯೇ ರೋಲರ್ ಕೈಗೆತ್ತಿಕೊಳ್ಳಿ.