ಸಂಗೀತ ಕಛೇರಿಯೇ ಬದುಕೋ, ಉದ್ಯೋಗದ ಜೊತೆ ಕಛೇರಿಯೋ?

ಕರ್ನಾಟಕ ಸಂಗೀತದ ವಿದ್ವತ್ ಪರೀಕ್ಷೆ ಮುಗಿದಿದೆ, ಕೆಲಸ ಬಿಟ್ಟು ಹಾಡಲೇ ಎಂದು ಕೇಳಿದ್ದೀರಿ.

ಹಣದ ಮಾತಾದರೆ ಉದ್ಯೋಗವೇ ಗಟ್ಟಿ. ರಾಮನವಮಿ, ಚೆನ್ನೈನ ಡಿಸೆಂಬರ್ ಸಂಗೀತೋತ್ಸವಗಳ ಋತು ಬಿಟ್ಟರೆ ಹೊಸಬರಿಗೆ ಕಛೇರಿಗಳು ಕಡಿಮೆ. ಪೂರ್ಣಾವಧಿ ಗಾಯಕರಲ್ಲೂ ಎಷ್ಟೋ ಜನರ ಮನೆ ನಡೆಯುವುದು ಪಾಠದಿಂದ.

ಸಾಧನೆಗೆ ಮಾತ್ರ ಪೂರ್ಣಾವಧಿಯೇ ಮೇಲು. ನೆರವಲ್ (ಕೃತಿಯ ಒಂದು ಸಾಲನ್ನು ಬಗೆಬಗೆಯಾಗಿ ವಿಸ್ತರಿಸಿ ಹಾಡುವುದು), ರಾಗಂ-ತಾನಂ-ಪಲ್ಲವಿಯಂಥ (ರಾಗವನ್ನೂ ಒಂದು ಸಾಲನ್ನೂ ದೀರ್ಘವಾಗಿ ಬೆಳೆಸುವ) ಮನೋಧರ್ಮದ ಗಾಯನ ಕೈಗೂಡಲು ದಿನಕ್ಕೆ ನಾಲ್ಕೈದು ಗಂಟೆ ಬೇಕು. ಆಫೀಸು, ಟ್ರಾಫಿಕ್ಕು ಮುಗಿಸಿ ಬಂದ ಕಂಠಕ್ಕೆ ಅದು ಕಷ್ಟ. ಗಾಯಕ ಆರ್.ಕೆ. ಶ್ರೀಕಂಠನ್ ಉದ್ಯೋಗದಲ್ಲಿದ್ದೇ ಮಹಾವಿದ್ವಾಂಸರಾದರು, ನಿಜ. ಆದರೆ ಅವರಿದ್ದದ್ದು ಆಕಾಶವಾಣಿಯಲ್ಲಿ, ಸಂಗೀತದ ನಡುವೆಯೇ.

ಮನೆಯ ಹೊಣೆ ನಿಮ್ಮ ಮೇಲಿದ್ದರೆ ಕೆಲಸ ಬಿಡಬೇಡಿ. ಆಕಾಶವಾಣಿಯ ಆಡಿಷನ್‌ಗೆ ಕೆಲಸದಲ್ಲಿದ್ದೇ ಸಿದ್ಧರಾಗಿ. ಎರಡು ವರ್ಷದ ಖರ್ಚು ಕೈಯಲ್ಲಿದ್ದು, ತಿದ್ದುವ ಗುರುಗಳು ಹತ್ತಿರವಿದ್ದರೆ ಧೈರ್ಯವಾಗಿ ಧುಮುಕಿ.