ಹಳೇ ಸ್ಕೂಲ್ ಬಸ್ಸಿನಲ್ಲಿ ಬೈಕ್ ಸಾಗಿಸಲು: ಒಳಗಾ, ಬೆನ್ನಿಗಾ, ಟ್ರೇಲರಾ?

ಹಳೇ ಸ್ಕೂಲ್ ಬಸ್ಸನ್ನೇ ಓಡಾಡುವ ಮನೆ ಮಾಡಿಕೊಂಡರೆ, ಬೈಕು ಬಸ್ಸಿನ ಒಳಗೇ ಇರಬೇಕು. ಮೂರೂ ಥರ ಓಡಿಸಿ ನೋಡಿದ ಮೇಲೆ ನನ್ನ ಮಾತು ಇದೇ. ಹಿಂದೆ ಗ್ಯಾರೇಜ್, ಅದರ ಮುಂದೆ ಅಡ್ಡಗೋಡೆ, ಗೋಡೆಯಿಂದ ಆಚೆ ಮನೆ.

ಟ್ರೇಲರ್ ಕೆಟ್ಟದ್ದೇನಲ್ಲ. ನೆಲಕ್ಕೆ ಹತ್ತಿರ ಇರುತ್ತದೆ, ಒಬ್ಬರೇ ಬೈಕ್ ಹತ್ತಿಸಬಹುದು, ಬಸ್ಸಿನೊಳಗಿನ ಜಾಗವೆಲ್ಲ ನಮಗೇ. ಆದರೆ ಮಣ್ಣುದಾರಿ ದಿಢೀರನೆ ಮುಗಿದರೆ ಅಷ್ಟುದ್ದದ ಬಸ್ಸು, ಅದರ ಬಾಲ ಎರಡನ್ನೂ ರಿವರ್ಸ್ ತೆಗೆಯಬೇಕು. ನಾನು ಹೋಗುವುದೇ ಅಂಥ ದಾರಿಗಳಿಗೆ. ನನಗೆ ಆಗಿಬರಲಿಲ್ಲ.

ಬಂಪರ್ ಹಿಂದೆ ಬೈಕ್ ಹೊರುವ ಕ್ಯಾರಿಯರ್ ಕೂರಿಸುವುದು ಎಲ್ಲಕ್ಕಿಂತ ಅಗ್ಗ, ಅದಕ್ಕೇ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಸ್ಕೂಲ್ ಬಸ್ಸಿಗೆ ಹಿಂದಿನ ಚಕ್ರದಿಂದಾಚೆ ಬಾಲ ಎಷ್ಟುದ್ದ ಇರುತ್ತದೆ ನೋಡಿದ್ದೀರಾ? ನನ್ನ ಬಸ್ಸಿನಲ್ಲಿ 3 ಮೀಟರ್. ಬೈಕು, ಕ್ಯಾರಿಯರ್ ಸೇರಿ 250 ಕೆಜಿ, ಅದು ಕೂರುವುದು ಹಿಂದಿನ ಆ್ಯಕ್ಸಲ್‌ನಿಂದ 3.5 ಮೀಟರ್ ಹಿಂದೆ. ಎರಡು ಆ್ಯಕ್ಸಲ್ ನಡುವೆ 5.5 ಮೀಟರ್. ಇದು ಏತದ ಲೆಕ್ಕ: ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 160 ಕೆಜಿ ಕಡಿಮೆಯಾಗುತ್ತದೆ, ಹಿಂದಿನ ಆ್ಯಕ್ಸಲ್‌ಗೆ ಸುಮಾರು 410 ಕೆಜಿ ಜಾಸ್ತಿ ಬೀಳುತ್ತದೆ. ಸ್ಟೀರಿಂಗ್ ಹಗುರಾದದ್ದು ಕೈಗೇ ಗೊತ್ತಾಗುತ್ತದೆ. ಹಳ್ಳ ದಾಟುವಾಗ ಬಾಲ ನೆಲಕ್ಕೆ ಉಜ್ಜುತ್ತದೆ. ಹಿಂದಿನ ಎಮರ್ಜೆನ್ಸಿ ಬಾಗಿಲಿಗೂ ಅಡ್ಡ.

ಇನ್ನು ಗ್ಯಾರೇಜ್. ಇಲ್ಲಿ ನಿಜವಾದ ತಲೆನೋವು ಬೈಕ್ ಹತ್ತಿಸುವ ಇಳಿಜಾರು ಹಲಗೆ, ಅಂದರೆ ರ್‍ಯಾಂಪ್. ಬಸ್ಸಿನ ನೆಲ ಭೂಮಿಯಿಂದ 90 ಸೆಂಮೀ ಮೇಲಿದೆ. ಸುಲಭವಾಗಿ ಸಿಗುವ 2.4 ಮೀಟರ್ ರ್‍ಯಾಂಪ್ ಇಟ್ಟರೆ ಇಳಿಜಾರು ಸುಮಾರು 22 ಡಿಗ್ರಿ. 190 ಕೆಜಿ ಬೈಕನ್ನು ಅದರ ಮೇಲೆ ಏರಿಸಲು 70 ಕೆಜಿ ಎತ್ತುವಷ್ಟು ಬಲ ಬೇಕು. ಅದಾದರೂ ಪರವಾಗಿಲ್ಲ, ಹಗ್ಗ ಸುತ್ತುವ ಯಂತ್ರ, ಅಂದರೆ ವಿಂಚ್, ಎಳೆಯುತ್ತದೆ. ಕಷ್ಟ ಇರುವುದು ತುದಿಯಲ್ಲಿ. ಮುಂದಿನ ಚಕ್ರ ಬಸ್ಸಿನ ನೆಲ ಮುಟ್ಟಿರುತ್ತದೆ, ಹಿಂದಿನದು ಇನ್ನೂ ರ್‍ಯಾಂಪ್ ಮೇಲೆ, ನಡುವೆ ಇಂಜಿನ್ ಅಡಿಯ ಗಾರ್ಡ್ ಅಂಚಿನ ಮೇಲೆ ಕೂತುಬಿಡುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಕ್ಕದಲ್ಲಿ ಬೈಕ್ ಹಿಡಿದು ನಿಂತವರಿಗೆ ಕಾಲಿಡಲು ಜಾಗವೇ ಇಲ್ಲ.

ಕೊನೆಗೆ ಇದನ್ನು ಬಗೆಹರಿಸಿದ್ದು ಉದ್ದ. 3.6 ಮೀಟರ್‌ನ ಮಡಚುವ ರ್‍ಯಾಂಪ್ ಹಾಕಿದೆ, ಇಳಿಜಾರು 14 ಡಿಗ್ರಿ ಚಿಲ್ಲರೆಗೆ ಇಳಿಯಿತು, ಹೊಟ್ಟೆ ತಗಲುವುದು ನಿಂತಿತು. ಪಕ್ಕದಲ್ಲಿ ನಡೆಯಲು ಇನ್ನೊಂದು ಹಲಗೆ ಇಟ್ಟುಕೊಂಡೆ, ಇದನ್ನು ಮಾತ್ರ ಯಾರೂ ಬಿಡಬೇಡಿ. ವಿಂಚ್ ಕೊಕ್ಕೆಯನ್ನು ಹ್ಯಾಂಡಲ್‌ಗಲ್ಲ, ಫೋರ್ಕ್‌ನ ಕೆಳಗಿನ ಕ್ಲಾಂಪಿಗೆ ಹಾಕಿ. ಇಳಿಸುವಾಗ ಇಂಜಿನ್ ಆಫ್ ಮಾಡಿ ಫಸ್ಟ್ ಗೇರಿನಲ್ಲಿಟ್ಟರೆ ಕ್ಲಚ್ಚೇ ಹಿಂದಿನ ಬ್ರೇಕಿನ ಕೆಲಸ ಮಾಡುತ್ತದೆ: ಸ್ವಲ್ಪ ಹಿಡಿದರೆ ಜಾರುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಬಸ್ಸಿನ ಹಿಂದಿನ ಬಾಗಿಲು ಬೈಕಿನ ಹ್ಯಾಂಡಲ್‌ಗಿಂತ ಕಿರಿದಾಗಿತ್ತು, ಅಗಲ ಮಾಡಿಸಿದೆ. ಕತ್ತರಿಸುವ ಮೊದಲೇ ಸುತ್ತ ಕಬ್ಬಿಣದ ಚೌಕಟ್ಟು ವೆಲ್ಡ್ ಆಗಬೇಕು, ಚಾವಣಿಗೆ ಬಾಗಿಲ ಪಕ್ಕದ ಕಂಬಗಳ ಆಸರೆ ಇರುತ್ತದೆ.

ಬೈಕಿಗೆ ನಾಲ್ಕು ಸ್ಟ್ರಾಪ್. ಅವುಗಳ ಕೊಂಡಿ ಪ್ಲೈವುಡ್‌ಗೆ ಬೇಡ, ನೆಲದಡಿಯ ಉಕ್ಕಿನ ಪಟ್ಟಿಗೇ ಬೋಲ್ಟ್ ಹಾಕಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ. ಗಾಳಿಕಿಂಡಿ ಕೆಳಗೆ ಇರಲಿ, ಅಡ್ಡಗೋಡೆಯಲ್ಲಿ ಸಣ್ಣ ಸಂದೂ ಉಳಿಯದಿರಲಿ. ಒಲೆ, ಹೀಟರ್ ಗ್ಯಾರೇಜ್ ಕಡೆ ಬೇಡವೇ ಬೇಡ.

ಬಾಗಿಲು, ರ್‍ಯಾಂಪ್, ವಿಂಚ್ ಸೇರಿ ಖರ್ಚು ಕ್ಯಾರಿಯರ್‌ಗಿಂತ ಜಾಸ್ತಿಯೇ ಆಯಿತು. ಒಳಗೆ ಎರಡು ಮೀಟರ್‌ಗೂ ಮಿಕ್ಕಿ ಜಾಗ ಹೋಯಿತು, ಅದರ ಮೇಲೆ ಹಾಸಿಗೆ ಹಾಕಿಕೊಂಡೆ. ನಾನು ಒಂದು ಕಡೆ ಬಸ್ ನಿಲ್ಲಿಸಿ ದಿನಗಟ್ಟಲೆ ಅಲ್ಲಿಂದಲೇ ಬೈಕಿನಲ್ಲಿ ಸುತ್ತುವವನು. ರಾತ್ರಿ ಬೈಕು ಮಳೆಯಲ್ಲಿ ನೆನೆಯಬಾರದು, ಬೀಗದ ಒಳಗಿರಬೇಕು. ಆ ನೆಮ್ಮದಿಗೆ ಈ ಖರ್ಚು ಸರಿ ಅನ್ನಿಸುತ್ತದೆ. ಎರಡು ಭಾರೀ ಬೈಕಿದ್ದು, ಮನೆಮಂದಿಯೂ ಜೊತೆಗಿದ್ದರೆ ಟ್ರೇಲರ್ ತಗೊಳ್ಳಿ.

ಬಸ್ಸನ್ನೇ ಇನ್ನೂ ಕೊಂಡಿಲ್ಲ ಅಂದರೆ ಮೊದಲು ಹಿಂದಕ್ಕೆ ಹೋಗಿ ನೋಡಿ. ಇಂಜಿನ್ ಹಿಂಭಾಗದಲ್ಲಿರುವ ಬಸ್ಸಾದರೆ ರ್‍ಯಾಂಪ್ ಇಡುವ ಜಾಗದಲ್ಲಿ ಇಂಜಿನ್ನೇ ಕೂತಿರುತ್ತದೆ, ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈ ಕೆಲಸಕ್ಕೆ ಬೇಡ.