ಎಂ328 ಟೆಸ್ಟರ್: ಹಳೇ ಬೋರ್ಡುಗಳ ಕೆಪಾಸಿಟರ್ ಪರೀಕ್ಷೆಯಲ್ಲಿ ನಾಲ್ಕು ವರ್ಷ

ಸಾಧನ: ಎಟಿಮೆಗಾ328 ಚಿಪ್ಪಿನ ಕಾಂಪೊನೆಂಟ್ ಟೆಸ್ಟರ್, ‘ಎಲ್‌ಸಿಆರ್-ಟಿ4’ ಹೆಸರಲ್ಲಿ ಮಾರುವ ಮಾದರಿ
ಬಳಕೆ: ಮೈಸೂರು, ರಿಪೇರಿ ಬೆಂಚು, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ), ಎಲ್‌ಸಿಡಿ ಮಾನಿಟರ್

ಮೈಸೂರು, ಮಂಡ್ಯ ಕಡೆ ಪೆಂಟಿಯಮ್ 4 ಕಾಲದ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಕಬ್ಬಿನ ಲಾರಿ ತೂಗುವ ವೇ ಬ್ರಿಡ್ಜಿಗೆ ಸೀರಿಯಲ್ ಪೋರ್ಟ್ ಬೇಕು. ಡಿಟಿಪಿ ಅಂಗಡಿಯ ಹಳೇ ಸಾಫ್ಟ್‌ವೇರ್ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲೈಸೆನ್ಸ್ ಕೀಲಿ, ಅಂದರೆ ಡಾಂಗಲ್, ಇಲ್ಲದೆ ತೆರೆಯದು. ಹೊಸ ಕಂಪ್ಯೂಟರ್ ತಂದರೆ ಸಾಫ್ಟ್‌ವೇರು, ಕಾರ್ಡು, ಕೇಬಲ್ಲು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಹಾಗಾಗಿ ಇಪ್ಪತ್ತು ವರ್ಷದ ಬೋರ್ಡನ್ನೇ ಉಳಿಸಿಕೊಳ್ಳುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಅದರಲ್ಲಿ ಮೊದಲು ಕೈಕೊಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್: ಒಳಗೆ ಎಲೆಕ್ಟ್ರೋಲೈಟ್ ಎಂಬ ದ್ರವವಿರುವ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಪುಟ್ಟ ಡಬ್ಬಿ.

ಸುಮಾರು 1999ರಿಂದ 2007ರ ನಡುವಿನ ಬೋರ್ಡುಗಳಲ್ಲಿ ಈ ಕಾಟ ಹೆಚ್ಚು. ಇಎಸ್‌ಆರ್, ಅಂದರೆ ಕೆಪಾಸಿಟರ್ ಒಳಗಿನ ಪ್ರತಿರೋಧ, ಕಡಿಮೆ ಮಾಡಲು ನೀರಿನಂಶ ಜಾಸ್ತಿಯಿರುವ ಎಲೆಕ್ಟ್ರೋಲೈಟ್ ಬಳಸಿದರು. ಆ ನೀರಿನಿಂದ ಅಲ್ಯೂಮಿನಿಯಂ ಹಾಳೆಯನ್ನು ಕಾಯಬೇಕಾದ ರಾಸಾಯನಿಕಗಳು ಹಲವರ ಮಾಲಿನಲ್ಲಿ ಸರಿಯಿರಲಿಲ್ಲ. ಅಲ್ಯೂಮಿನಿಯಂ ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಹುಟ್ಟುತ್ತದೆ, ಒತ್ತಡ ಏರಿ ತಲೆಯ ಮೇಲಿನ ಗೀರು ಉಬ್ಬಿ ಬಿರಿಯುತ್ತದೆ. ತಯಾರಕರ ಹೆಸರು ನೋಡಿ ನೆಮ್ಮದಿಯಾಗಿರುವಂತೆಯೂ ಇಲ್ಲ: ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ಕೆಪಾಸಿಟರ್ ತೊಂದರೆಗೆ 2005ರಲ್ಲಿ ಡೆಲ್ ಕಂಪನಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು, ಅವುಗಳಲ್ಲಿ ಇದ್ದದ್ದು ಹೆಸರಾಂತ ಜಪಾನಿ ಕೆಪಾಸಿಟರುಗಳು.

ತಲೆ ಉಬ್ಬಿದ್ದನ್ನು ಹುಡುಕಲು ಕಣ್ಣೇ ಸಾಕು, ಟೆಸ್ಟರ್ ಬೇಡ. ಕಾಡುವುದು ಉಬ್ಬದೆ ಒಳಗೊಳಗೇ ಒಣಗಿದ್ದು. ಸಾವಿರ ರೂಪಾಯಿಯೊಳಗೆ ಸಿಗುವ ಈ ಟೆಸ್ಟರಿನ ಬೆಲೆ ತಿಳಿಯುವುದು ಅಲ್ಲೇ.

ಮೂಲ ವಿನ್ಯಾಸ ಜರ್ಮನಿಯ ಮಾರ್ಕುಸ್ ಫ್ರೇಯೆಕ್ ಅವರದು, ಮುಂದೆ ಬೆಳೆಸಿದವರು ಕಾರ್ಲ್-ಹೈನ್ಸ್ ಕ್ಯೂಬೆಲರ್. ವಿನ್ಯಾಸ ಎಲ್ಲರಿಗೂ ತೆರೆದಿರುವುದರಿಂದಲೇ ಇಷ್ಟು ಅಗ್ಗ, ಇಷ್ಟೊಂದು ನಕಲು. ಕೆಪಾಸಿಟರ್ ಸಿಕ್ಕಿಸಿ ಬಟನ್ ಒತ್ತಿದರೆ ಮೂರು ಅಂಕಿ ತೋರಿಸುತ್ತದೆ: ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಕೆಪಾಸಿಟಿ, ಇಎಸ್‌ಆರ್, ವಿ-ಲಾಸ್ (ಚಾರ್ಜ್ ಮಾಡಿ ಬಿಟ್ಟ ಮೇಲೆ ವೋಲ್ಟೇಜ್ ಶೇಕಡಾ ಎಷ್ಟು ಇಳಿಯಿತು ಎನ್ನುವುದು). ಮೂರನ್ನೂ ಓದಬೇಕು. ಬಹಳ ಜನ ಮೊದಲನೆಯದನ್ನು ಮಾತ್ರ ನೋಡಿ ‘ಸರಿಯಾಗಿದೆ’ ಎಂದು ವಾಪಸ್ ಹಾಕುತ್ತಾರೆ. ಹಾಗೆ ಹಾಕಿದ ಬೋರ್ಡು ತಿಂಗಳೊಳಗೆ ಮತ್ತೆ ಬೆಂಚಿಗೆ ಬರುತ್ತದೆ.

1000 ಮೈಕ್ರೋಫ್ಯಾರಡ್ ಎಂದು ಬರೆದಿದ್ದು 850 ತೋರಿಸಿದರೆ ತಪ್ಪೇನಿಲ್ಲ, ಶೇಕಡಾ 20 ಏರುಪೇರು ಮೊದಲಿಂದಲೂ ಒಪ್ಪಿತ. ಆದರೆ 1600 ತೋರಿಸಿದರೆ ಖುಷಿಪಡಬೇಡಿ. ಒಳಗೆ ಸೋರಿಕೆ ಇರುವ ಕೆಪಾಸಿಟರ್ ಚಾರ್ಜ್ ಆಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಟೆಸ್ಟರ್ ಅದನ್ನೇ ದೊಡ್ಡ ಕೆಪಾಸಿಟಿ ಎಂದು ಎಣಿಸುತ್ತದೆ. ವಿ-ಲಾಸ್ ಶೇಕಡಾ 5 ದಾಟಿದ್ದರಂತೂ ಅದನ್ನು ಮತ್ತೆ ಬೋರ್ಡಿಗೆ ಹಾಕುವ ಮಾತೇ ಇಲ್ಲ.

ಇಎಸ್‌ಆರ್ ವಿಷಯದಲ್ಲಿ ಈ ಟೆಸ್ಟರಿನ ಮಿತಿ ಸರಿಯಾಗಿ ತಿಳಿದಿರಬೇಕು. ಅದು ತೋರಿಸುವ ಅತಿ ಸಣ್ಣ ಹೆಜ್ಜೆ 0.01 ಓಮ್. ಪ್ರೊಸೆಸರ್ ಪಕ್ಕದ 1000, 1500 ಮೈಕ್ರೋಫ್ಯಾರಡ್‌ನ ಒಳ್ಳೇ ಲೋ-ಇಎಸ್‌ಆರ್ ಕೆಪಾಸಿಟರ್ 0.02ರಿಂದ 0.05 ತೋರಿಸುತ್ತದೆ. 0.02 ಮತ್ತು 0.03ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕೆಪಾಸಿಟರಿನ ತಂತಿ ಕಾಲನ್ನು ಎಷ್ಟು ಉಜ್ಜಿದ್ದೀರಿ ಎನ್ನುವುದರಲ್ಲೇ ಅಷ್ಟು ಹೋಗುತ್ತದೆ. 0.15 ದಾಟಿದರೆ ತೆಗೆದುಹಾಕಿ. ಪೂರ್ತಿ ಒಣಗಿದ್ದು 1, 3 ಓಮ್ ತೋರಿಸುವುದೂ ಉಂಟು. ಇದೇ ಅಳತೆಗೋಲನ್ನು ಸಣ್ಣವಕ್ಕೆ ಹಿಡಿಯಬಾರದು: 22 ಮೈಕ್ರೋಫ್ಯಾರಡ್ 50 ವೋಲ್ಟಿನದು ಹೊಸದಾಗಿದ್ದಾಗಲೇ ಒಂದು ಓಮ್ ಆಸುಪಾಸು ಇರಬಹುದು, 5 ದಾಟಿದರೆ ಮಾತ್ರ ಕೆಟ್ಟಿದೆ ಎನ್ನಬಹುದು. ದ್ರವದ ಬದಲು ಗಟ್ಟಿ ಪಾಲಿಮರ್ ಇರುವ ಕೆಪಾಸಿಟರಿನ ಇಎಸ್‌ಆರ್ 5ರಿಂದ 10 ಮಿಲಿಓಮ್. ಅಲ್ಲಿ ಈ ಟೆಸ್ಟರ್ 0.00 ಅಥವಾ 0.01 ಎಂದಷ್ಟೇ ಹೇಳುತ್ತದೆ.

ಇನ್ನೊಂದು ಮಿತಿ, ಅಳತೆಯೆಲ್ಲ 5 ವೋಲ್ಟಿನೊಳಗೆ ನಡೆಯುತ್ತದೆ. ಎಸ್‌ಎಂಪಿಎಸ್‌ನ 400 ವೋಲ್ಟಿನ ಕೆಪಾಸಿಟರ್ ಇಲ್ಲಿ ಚೆನ್ನಾಗಿ ಓದಿ, 300 ವೋಲ್ಟ್ ಬಿದ್ದಾಗ ಸೋರಬಹುದು. ಈ ಟೆಸ್ಟರ್ ‘ಕೆಟ್ಟಿದೆ’ ಎಂದರೆ ನಂಬಬಹುದು, ‘ಚೆನ್ನಾಗಿದೆ’ ಎಂದರೆ ಅರ್ಧ ಮಾತ್ರ.

ಬೋರ್ಡಿನಲ್ಲಿ ಇದ್ದಹಾಗೇ ಅಳೆಯುವುದು ವ್ಯರ್ಥ. ಪ್ರೊಸೆಸರ್ ಸುತ್ತ ಆರೆಂಟು ಕೆಪಾಸಿಟರುಗಳು ಒಂದೇ ಲೈನಿಗೆ ಕೂಡಿಕೊಂಡಿರುತ್ತವೆ, ಒಂದು ಸತ್ತಿದ್ದರೂ ಉಳಿದವು ಅದನ್ನು ಮುಚ್ಚಿಡುತ್ತವೆ. ಬಿಚ್ಚಿಯೇ ಅಳೆಯಬೇಕು. ಇದರಲ್ಲಿ ಸೋಮಾರಿತನ ಬೇಡ.

ಬಿಚ್ಚುವ ಕೆಲಸಕ್ಕೆ 25 ವ್ಯಾಟಿನ ಸಾದಾ ಐರನ್ ಸಾಲದು. ಮದರ್‌ಬೋರ್ಡಿನ ಒಳಪದರದ ತಾಮ್ರ ಶಾಖವನ್ನೆಲ್ಲ ಹೀರಿಬಿಡುತ್ತದೆ, ನೆಗೆಟಿವ್ ಕಾಲು ಎಷ್ಟು ಹೊತ್ತಾದರೂ ಕರಗದು. ಶಾಖ ನಿಯಂತ್ರಣವಿರುವ 60 ವ್ಯಾಟಿನ ಸ್ಟೇಷನ್, ಅಗಲ ತುದಿಯ ಬಿಟ್, 360 ಡಿಗ್ರಿ ಆಸುಪಾಸು. ಮೊದಲು ಕಾಲುಗಳಿಗೆ ಫ್ಲಕ್ಸ್ ಹಚ್ಚಿ, ಹೊಸ 60/40 ಲೆಡ್ (ಬೆಸುಗೆ ತಂತಿ) ಸ್ವಲ್ಪ ಸೇರಿಸಿ. ಹಳೇ ಲೆಡ್ ಬೇಗ ಸಡಿಲಾಗುತ್ತದೆ. ಒಂದು ಕಾಲು ಕಾಯಿಸಿ ಕೆಪಾಸಿಟರನ್ನು ಆ ಕಡೆಗೆ ವಾಲಿಸಿ, ಇನ್ನೊಂದು ಕಾಯಿಸಿ ಈ ಕಡೆಗೆ. ಬಲ ಹಾಕಿ ಎಳೆದರೆ ತೂತಿನ ಒಳಗಿನ ತಾಮ್ರದ ಗೋಡೆ ಕಾಲಿನ ಜೊತೆ ಕಿತ್ತು ಬರುತ್ತದೆ, ಆಮೇಲೆ ಬೋರ್ಡಿಗೆ ಉಳಿಗಾಲವಿಲ್ಲ. ತೂತು ಬಿಡಿಸಲು ಡ್ರಿಲ್ ಬೇಡವೇ ಬೇಡ: ಒಂದು ಕಡೆಯಿಂದ ಕಾಯಿಸುತ್ತಾ ಇನ್ನೊಂದು ಕಡೆಯಿಂದ ಸ್ಟೇನ್‌ಲೆಸ್ ಸ್ಟೀಲ್ ಸೂಜಿ ತೂರಿಸಿ, ಲೆಡ್ ಅದಕ್ಕೆ ಅಂಟುವುದಿಲ್ಲ.

ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಸಾಮಾನ್ಯವಾಗಿ ನೆಗೆಟಿವ್, ಆದರೆ ಕೆಲವು ಬೋರ್ಡುಗಳಲ್ಲಿ ಇದು ಉಲ್ಟಾ. ಮೀಟರಿನಲ್ಲಿ ಸ್ಕ್ರೂ ತೂತಿನ ಗ್ರೌಂಡಿಗೂ ಕಾಲಿನ ತೂತಿಗೂ ಬೀಪ್ ಬರುತ್ತದೆಯೇ ನೋಡಿ ಖಚಿತಪಡಿಸಿಕೊಳ್ಳಿ. ಡಬ್ಬಿಯಾಕಾರದ ಅಲ್ಯೂಮಿನಿಯಂ ಕೆಪಾಸಿಟರಿನ ಪಟ್ಟೆ ನೆಗೆಟಿವ್, ಚಪ್ಪಟೆ ಟ್ಯಾಂಟಲಮ್‌ನ ಪಟ್ಟೆ ಪಾಸಿಟಿವ್. ಇದನ್ನು ಮರೆತವರ ಟ್ಯಾಂಟಲಮ್ ಉರಿದುಹೋಗುತ್ತದೆ.

ಈ ಟೆಸ್ಟರನ್ನು ಕೊಲ್ಲುವುದು ಒಂದೇ ತಪ್ಪು: ಚಾರ್ಜ್ ಉಳಿದಿರುವ ಕೆಪಾಸಿಟರ್ ಸಿಕ್ಕಿಸುವುದು. ಮೂರು ತೂತುಗಳಿಗೂ ಚಿಪ್ಪಿಗೂ ನಡುವೆ ಹೇಳಿಕೊಳ್ಳುವ ರಕ್ಷಣೆ ಇಲ್ಲ. ಮದರ್‌ಬೋರ್ಡಿನವನ್ನು ಎರಡು ಕಾಲು ಕೂಡಿಸಿ ಖಾಲಿ ಮಾಡಿದರೆ ಸಾಕು. ಎಸ್‌ಎಂಪಿಎಸ್‌ನ ಮೇನ್ ಕೆಪಾಸಿಟರಿನಲ್ಲಿ 230 ವೋಲ್ಟ್ ಎಸಿ ರೆಕ್ಟಿಫೈ ಆಗಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ, ಹಳೇ ಮಾದರಿಯಲ್ಲಿ ಎರಡು 200 ವೋಲ್ಟಿನವು ಅದನ್ನು ಹಂಚಿಕೊಂಡಿರುತ್ತವೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ, ಜೀವಕ್ಕೇ ಅಪಾಯ. 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಅರ್ಧ ನಿಮಿಷ ಹಿಡಿಯಿರಿ, ಮಲ್ಟಿಮೀಟರಿನಲ್ಲಿ ಸೊನ್ನೆಗೆ ಇಳಿದಿದ್ದನ್ನು ನೋಡಿದ ಮೇಲೆಯೇ ಕೈ ಹಾಕಿ.

ಎಸ್‌ಎಂಪಿಎಸ್‌ನಲ್ಲಿ ಈ ಟೆಸ್ಟರ್ ನಿಜಕ್ಕೂ ಬೋರ್ಡುಗಳನ್ನು ಉಳಿಸಿದೆ. ಹೀಟ್‌ಸಿಂಕ್ ಪಕ್ಕ ಬೆಚ್ಚಗೆ ಕೂತಿರುವ 10 ಅಥವಾ 22 ಮೈಕ್ರೋಫ್ಯಾರಡ್ 50 ವೋಲ್ಟಿನ ಪುಟ್ಟ ಕೆಪಾಸಿಟರ್ ಒಂದಿರುತ್ತದೆ, ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಕೊಡುವ ಸ್ಟ್ಯಾಂಡ್‌ಬೈ ಸರ್ಕ್ಯೂಟಿಗೆ ಸೇರಿದ್ದು. ಅದು ಉಬ್ಬುವುದೇ ಇಲ್ಲ, ಸುಮ್ಮನೆ ಒಣಗುತ್ತದೆ. ಎರಡು ಟ್ರಾನ್ಸಿಸ್ಟರಿನ ಹಳೇ ವಿನ್ಯಾಸಗಳಲ್ಲಿ ಅದು ಒಣಗಿದರೆ 5 ವೋಲ್ಟ್ ಸ್ಟ್ಯಾಂಡ್‌ಬೈ ಹತೋಟಿ ತಪ್ಪಿ ಏರುತ್ತದೆ, ಮದರ್‌ಬೋರ್ಡನ್ನೇ ಸುಡುತ್ತದೆ. ಹಳೇ ಎಸ್‌ಎಂಪಿಎಸ್ ಬಿಚ್ಚಿದಾಗಲೆಲ್ಲ ಇದನ್ನು ಅಳತೆ ಏನೇ ಬಂದರೂ ಬದಲಿಸಿ. ಎರಡು ಮೂರು ರೂಪಾಯಿಯ ಮಾಲು.

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮೈಸೂರಿನಲ್ಲಿ ‘ಬೆಳಗ್ಗೆ ಆನ್ ಆಗಲ್ಲ, ಹತ್ತು ಗಂಟೆ ಮೇಲೆ ತಾನಾಗೇ ಆಗುತ್ತೆ’ ಎನ್ನುವ ಮಾನಿಟರುಗಳು ಬರುತ್ತವೆ. ಒಣಗುತ್ತಿರುವ ಕೆಪಾಸಿಟರಿನ ಇಎಸ್‌ಆರ್ ಚಳಿಗೆ ಇನ್ನಷ್ಟು ಏರುವುದೇ ಕಾರಣ. ಹೇರ್ ಡ್ರೈಯರ್‌ನಿಂದ ಒಂದು ನಿಮಿಷ ಬಿಸಿ ಮಾಡಿದಾಗ ಆನ್ ಆದರೆ ಪವರ್ ಬೋರ್ಡಿನ 470, 1000 ಮೈಕ್ರೋಫ್ಯಾರಡ್ 25 ವೋಲ್ಟಿನವನ್ನು ಬಿಚ್ಚಿ ಅಳೆಯಿರಿ. ಅಳತೆಯನ್ನೂ ತಣ್ಣಗಿರುವಾಗಲೇ ಮಾಡಿ. ಐರನ್ನಿನ ಬಿಸಿ ಆರದೆ ಅಳೆದರೆ ಕೆಟ್ಟದ್ದೂ ಒಳ್ಳೆಯದಾಗಿ ಕಾಣುತ್ತದೆ.

ಹೊಸದನ್ನು ಕೊಳ್ಳುವಾಗ ಟೆಸ್ಟರನ್ನು ಅಂಗಡಿಗೇ ಒಯ್ಯುವುದು ಉತ್ತಮ. 105 ಡಿಗ್ರಿ ಎಂದು ಬರೆದಿದ್ದೆಲ್ಲ ಲೋ-ಇಎಸ್‌ಆರ್ ಅಲ್ಲ. ದೊಡ್ಡ ಡಬ್ಬಿಯೊಳಗೆ ಚಿಕ್ಕ ಕೆಪಾಸಿಟರ್ ಕೂರಿಸಿದ ನಕಲಿಗಳೂ ಇವೆ, ಅವು ಇಲ್ಲಿ ಕೂಡಲೇ ಸಿಕ್ಕಿಬೀಳುತ್ತವೆ. ಪ್ಯಾನಾಸೋನಿಕ್ ಎಫ್‌ಆರ್ ಸರಣಿಯಂಥದ್ದನ್ನು ದೊಡ್ಡ ವಿತರಕರಿಂದ ಆನ್‌ಲೈನಿನಲ್ಲಿ ತರಿಸುವುದು ನಿಶ್ಚಿಂತೆ. ದಪ್ಪ 8 ಮಿಲಿಮೀಟರ್ ಇದ್ದರೆ ಕಾಲಿನ ಅಂತರ 3.5, ದಪ್ಪ 10 ಆದರೆ 5. ವೋಲ್ಟ್ ಹಳೆಯದಕ್ಕೆ ಸಮ ಅಥವಾ ಒಂದು ಮೆಟ್ಟಿಲು ಮೇಲೆ ಇರಲಿ, ಕೆಳಗೆ ಬೇಡ. ಪ್ರೊಸೆಸರ್ ಔಟ್‌ಪುಟ್ ಕಡೆ 1500 ಮೈಕ್ರೋಫ್ಯಾರಡ್ ಜಾಗಕ್ಕೆ 560 ಮೈಕ್ರೋಫ್ಯಾರಡ್ 4 ವೋಲ್ಟಿನ ಪಾಲಿಮರ್ ಹಾಕಿದರೂ ನಡೆಯುತ್ತದೆ, ಆದರೆ ಆ ಲೈನ್ 5 ವೋಲ್ಟಿನದಲ್ಲ ಎಂದು ಮೀಟರಿನಲ್ಲಿ ಮೊದಲು ನೋಡಿ. ಎಸ್‌ಎಂಪಿಎಸ್ ಔಟ್‌ಪುಟ್ಟಿಗೆ ಪಾಲಿಮರ್ ತುಂಬಬೇಡಿ: ಹಳೇ ಸರ್ಕ್ಯೂಟಿನ ಸ್ಥಿರತೆ ಕೆಪಾಸಿಟರಿನ ಇಎಸ್‌ಆರ್ ಮೇಲೆಯೇ ನಿಂತಿರುತ್ತದೆ, ಅದು ತೀರಾ ಇಳಿದರೆ ವೋಲ್ಟೇಜ್ ಓಲಾಡುತ್ತದೆ.

ನಾಲ್ಕು ವರ್ಷದಲ್ಲಿ ಟೆಸ್ಟರಿನಲ್ಲಿ ಸವೆದದ್ದು ಲಿವರ್ ಇರುವ ಸಾಕೆಟ್. ಹಿಡಿತ ಸಡಿಲಾದಾಗ ಇಎಸ್‌ಆರ್ ಒಂದೊಂದು ಸಲ ಒಂದೊಂದು ಬರುತ್ತದೆ. ಕ್ಲಿಪ್ಪಿನ ಗಿಡ್ಡ ವೈರ್ ಬೆಸೆದುಕೊಂಡರೆ ಸರಿಹೋಗುತ್ತದೆ, ಆದರೆ ಆ ವೈರಿನ ಪ್ರತಿರೋಧವೂ ಇಎಸ್‌ಆರ್‌ಗೆ ಸೇರುತ್ತದೆ. ಹಾಗಾಗಿ ಟೆಸ್ಟರಿನ 1, 2, 3 ಎಂಬ ತೂತುಗಳ ವೈರ್ ಮೂರನ್ನೂ ಕೂಡಿಸಿ ಬಟನ್ ಒತ್ತಿ ಕ್ಯಾಲಿಬ್ರೇಷನ್ ಮಾಡಿಕೊಳ್ಳಿ. 9 ವೋಲ್ಟ್ ಬ್ಯಾಟರಿ ಇಳಿದಾಗ ಪರದೆ ಎಚ್ಚರಿಸುತ್ತದೆ. ಆ ಹೊತ್ತಿನ ಅಳತೆ ನಂಬದಿರುವುದು ಮೇಲು. ಕೊಳ್ಳುವುದಾದರೆ ಚಿಪ್ ಸಾಕೆಟ್ಟಿನಲ್ಲಿ ಕೂತಿರುವ ಮಾದರಿ ಆರಿಸಿ, ಸುಟ್ಟರೆ ಪ್ರೋಗ್ರಾಂ ಮಾಡಿದ ಬೇರೆ ಚಿಪ್ ಹಾಕಿಕೊಳ್ಳಬಹುದು.

ದಿನಕ್ಕೆ ಐದಾರು ಬೋರ್ಡು ನೋಡುವವರು ಎಂಇಎಸ್‌ಆರ್-100 ಥರದ ಮೀಟರನ್ನೂ ಇಟ್ಟುಕೊಳ್ಳಲಿ. ಬೆಲೆ ಹೆಚ್ಚಾದರೂ ಅದು 100 ಕಿಲೋಹರ್ಟ್ಸ್‌ನಲ್ಲಿ 0.001 ಓಮ್ ತನಕ ಅಳೆಯುತ್ತದೆ, ಒಂಟಿಯಾಗಿರುವ ಕೆಪಾಸಿಟರನ್ನು ಬಿಚ್ಚದೆಯೇ ನೋಡಬಹುದು. ಕೆಪಾಸಿಟಿ ಮಾತ್ರ ಅದು ಹೇಳುವುದಿಲ್ಲ, ಅದಕ್ಕೆ ಮತ್ತೆ ಈ ಪುಟ್ಟ ಹಸಿರು ಬೋರ್ಡೇ ಬೇಕು.